ಮಾನಿಯಿಂದ ಅಕ್ಕನಿಗೆ

ಅರೆಯೋಪೋಲಿ
ರಾತ್ರಿ ಎರಡು ಗಂಟೆ



ನಾನು ಕ್ಷೇಮ. ಕೆಮ್ಮು ಪೂರ್ಣವಾಗಿ ವಾಸಿಯಾಗಿದೆಯೆಂದು ಅಪ್ಪನಿಗೆ ಹೇಳು. ಗ್ರೀಸಿನ ಮುಖ್ಯಭೂಮಿಯ ದಕ್ಷಿಣಾಗ್ರದ ಈ ಮಾನಿ ಪ್ರಾಂತದ ಶಿಲಾಗೋಪುರಗಳಂಥ ಮನೆಗಳನ್ನೂ, ಹಿಂದೆ ನಿಂತ ತೈಗೆಟಸ್ ಪರ್ವತವನ್ನೂ ಯಾವ ಚಿತ್ರಪುಸ್ತಕದಲ್ಲಾದರೂ ನೋಡಬಹುದು. ನಿದ್ರೆ ಬಾರದೆ ಬರೆಯುತ್ತಿರುವ ಕಾರಣ ಬೇರೆ.

ನಾನಿಳಿದುಕೊಂಡಿರುವ ಮನೆಯ ವೃದ್ಧೆಯು, ತನ್ನ ತಂಗಿ ಗತಿಸಿದ 40ನೆಯ ದಿನದ ಸ್ಮರಣೆಗೆಂದು ಇಂದು ನನ್ನನ್ನೂ ಕರೆದೊಯ್ದಳು. ಪಾದ್ರಿಯ ಪ್ರಾರ್ಥನೆ ಮುಗಿದು ಎಲ್ಲರೂ ಸಮಾಧಿಯ ಬಳಿ ಸೇರಿದೊಡನೆ ಆಕೆ ಎದೆ ಬಡಿದುಕೊಂಡು ಹಾಡತೊಡಗಿದಳು. ಎಂಟೆಂಟು ಅಕ್ಷರಗಳ ಸಾಲುಗಳಲ್ಲಿ ತಂಗಿಯ ಬಾಲ್ಯ, ಮದುವೆ, ಕಾಯಿಲೆ, ಕೊನೆಗಾಲಕ್ಕೂ ಬಾರದ ಮಗನ ಮೇಲಿನ ಆಕ್ಷೇಪಣೆ, ಎಲ್ಲವೂ ಬಂದವು; ಆ ಮಗನೂ ಅಲ್ಲಿಯೇ ತಲೆ ತಗ್ಗಿಸಿ ನಿಂತು ಕೇಳುತ್ತಿದ್ದನು. ಆಕೆಯ ಉಸಿರು ಕಟ್ಟಿದಾಗಲೆಲ್ಲ ಸುತ್ತಲಿನ ಹೆಂಗಸರು ಸಾಲನ್ನೆತ್ತಿಕೊಂಡು, ಆಕೆ ಚೇತರಿಸಿಕೊಳ್ಳುವವರೆಗೂ ಅಳುವನ್ನು ತಾವು ನಡೆಯಿಸಿದರು. ಸಾಕು, ಸುಮ್ಮನಿರೆಂದು ಒಬ್ಬರೂ ಅನ್ನಲಿಲ್ಲ.

ಆಮೇಲೆ ಕೋಲಿವ ಹಂಚಿದರು: ಬೇಯಿಸಿದ ಗೋಧಿಗೆ ಸಕ್ಕರೆ, ದ್ರಾಕ್ಷಿ, ಬಾದಾಮಿ, ದಾಳಿಂಬೆಯ ಕಾಳು ಬೆರಸಿದ್ದು. ನನ್ನ ಕೈತುಂಬ ಇಟ್ಟು, ನಿನಗೆ ಯಾರು ತೀರಿಹೋಗಿದ್ದಾರೆಂದು ಆಕೆ ಕೇಳಿದಳು. ಜೊತೆಗಿದ್ದು ಅರ್ಥ ಹೇಳುತ್ತಿದ್ದ ಉಪಾಧ್ಯಾಯರ ಮೂಲಕ, ತಾಯಿ, ಎಂದೆ. ಇನ್ನೊಂದು ಹಿಡಿ ಹಾಕಿ, ಅವಳಿಗೆ ಹಾಡಿದವರು ಯಾರೆಂದು ಕೇಳಿದಳು. ನಾನು ಉತ್ತರಿಸಲಾರದೆ ನಿಂತಿರಲು, ತನ್ನ ಕಪ್ಪು ತಲೆವಸ್ತ್ರದ ತುದಿಯಿಂದ ನನ್ನ ಮುಖವನ್ನೊರಸಿದಳು. ಅಕ್ಕಾ, ಪರದೇಶದ ಜನರೆದುರಿಗೆ, ಇಷ್ಟು ವಯಸ್ಸಾದವನು, ನಾನು ಅತ್ತೆನು.

ಬಂಧುಗಳ ಕಣ್ಣೀರನ್ನು ಪ್ರೇತವು ವಿವಶವಾಗಿ ಉಣ್ಣಬೇಕಾಗುವುದರಿಂದ ಅಳಲಾಗದೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ; ಅಮ್ಮ ತೀರಿಕೊಂಡಾಗ ಅಪ್ಪ ಹೇಳಿದ್ದೂ ಅದನ್ನೇ. ಈ ದೇಶದಲ್ಲಿಯೂ ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿಯೇ ಅಥೆನ್ಸಿನ ಸೋಲನ್ ಸ್ತ್ರೀಯರ ಶೋಕಾಚರಣೆಗೆ ಕಟ್ಟಳೆ ಹಾಕಿದನು. ಸುಮಾರು ಸಾವಿರ ವರ್ಷಗಳ ತರುವಾಯ ಸಂತ ಕ್ರಿಸೋಸ್ಟಮನೂ ಇಂಥ ಗೋಳಾಟವನ್ನು ಖಂಡಿಸಿದನು. ಆದರೂ ಮಾನಿಯ ಹೆಂಗಸರು ಬಿಡಲಿಲ್ಲ. ನಿಷೇಧಿಸಿದವರಿಗಿಂತ ಬಿಡದೆ ಉಳಿಸಿಕೊಂಡವರೇ ಮನುಷ್ಯರನ್ನು ಚೆನ್ನಾಗಿ ಅರಿತಿದ್ದರೆಂದು ನನಗೀಗ ದೃಢವಾಗಿದೆ.

ಅಮ್ಮ ಹೋದ ದಿನ ನೀನು ಒಂದು ಹನಿ ಕಣ್ಣೀರಿಲ್ಲದೆ ಬಂದವರಿಗೆಲ್ಲ ನೀರು ಕೊಡುತ್ತಿದ್ದೆ. ಗಟ್ಟಿಗಿತ್ತಿಯೆಂದು ಎಲ್ಲರೂ ಹೊಗಳಿದರು. ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಹೆಂಗಸು ಹಿತ್ತಿಲ ಬಾಗಿಲಲ್ಲಿ ಕುಳಿತು, 'ನನ್ನವ್ವಾ' ಎಂದು ರಾಗವೆತ್ತಿ ಹಾಡಿಕೊಂಡು ಅಳಲಾರಂಭಿಸಿದಾಗ, ಹಿರಿಯರು ಗದರಿಸಿ ಕಳುಹಿಸಿದ್ದು ನಿನಗೆ ನೆನಪಿದೆಯೆ? ಅಮ್ಮನಿಗೆ ಹಾಡಿದವಳು ಆಕೆಯೊಬ್ಬಳೇ. ಅಂದಿನಿಂದ ನಿನಗೆ ರಾತ್ರಿ ಎದೆನೋವೆಂದು ಭಾವ ಬರೆದಿದ್ದಾರೆ. ವೈದ್ಯರಲ್ಲಿಗೆ ತಪ್ಪದೆ ಹೋಗು.

ಅಮ್ಮನ ವರ್ಷಾಬ್ದಿಕಕ್ಕೆ ಪುರೋಹಿತರಿಗೆ ತಿಳಿಸಿದೆಯಷ್ಟೆ? ಅಷ್ಟರೊಳಗೆ ನಾನು ಬಂದಿರುತ್ತೇನೆ. ಬ್ರಾಹ್ಮಣಭೋಜನ ಮುಗಿದ ಮೇಲೆ ಆ ಹೆಂಗಸನ್ನು ಕರೆಯಿಸಿ, ನಡುಮನೆಯಲ್ಲಿಯೇ ಕೂರಿಸಿ ಹಾಡಿಸಬೇಕೆಂದೂ, ನೀನು ಪಕ್ಕದಲ್ಲಿರಬೇಕೆಂದೂ ನನ್ನ ಆಸೆ. ಅಪ್ಪ ಒಮ್ಮೆಗೇ ಒಪ್ಪಲಾರರು. ಮೊದಲು ಸೋದರಮಾವನಿಗೆ ಬರೆದು, ಅವರ ಮೂಲಕ ಮಾತೆತ್ತಿಸಿದರೆ, ಇಲ್ಲವೇ ನೀನೇ ಒಂದು ಸಂಜೆ ಅಪ್ಪನ ಮನಸ್ಸು ತಿಳಿಯಾಗಿರುವಾಗ ಕೇಳಿದರೆ, ಒಪ್ಪಿಯಾರು.