ಬೆನ್ನ ಮೇಲಿನ ಹೊರೆ

ಅರುವತ್ತು ದಾಟಿದ ಮೂವರು ಗೃಹಸ್ಥರು ಬೆನ್ನಿಗೆ ಚೀಲ ಕಟ್ಟಿಕೊಂಡು ಪರದೇಶಕ್ಕೆ ಹೊರಟರೆಂದರೆ ಊರಿನವರು ನಗದೆ ಇರುತ್ತಾರೆಯೇ? ಮಲ್ಪೆಯಲ್ಲಿ ನಮ್ಮನ್ನು ನೋಡಿ ನಕ್ಕವರೇ ಹೆಚ್ಚು. ಅವರಲ್ಲಿ ಮೊದಲನೆಯವಳು ನನ್ನ ಮನೆಯಾಕೆ. 'ಅಲ್ಲಿ ಹಾಸ್ಟೆಲಿನಲ್ಲಿ ಇಳಿದುಕೊಳ್ಳುತ್ತೇವೆ' ಎಂದು ನಾನು ಹೇಳಿದಾಗ ಅವಳು ಹೂ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸಿ, 'ಯಾಕೆ, ನಿಮಗೆ ಎಸ್ಸೆಸ್ಸೆಲ್ಸಿ ಇನ್ನೊಮ್ಮೆ ಬರೆಯಲಿಕ್ಕುಂಟೋ?' ಎಂದು ಕೇಳಿದಳು.

ಇಲ್ಲಿ ಹಾಸ್ಟೆಲೆಂದರೆ ವಿದ್ಯಾರ್ಥಿನಿಲಯವಲ್ಲವೆಂದು ಅವಳಿಗೆ ತಿಳಿಯಹೇಳಬೇಕಾಯಿತು. ಒಂದು ಕೋಣೆಯಲ್ಲಿ ಆರೋ ಎಂಟೋ ಮಂಚಗಳು, ಒಂದರ ಮೇಲೊಂದು. ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಪಕ್ಕದ ಮಂಚದಲ್ಲಿ ಮಲಗುವವರು ಯಾರೆಂಬುದು ದೈವಚಿತ್ತ. ನಮ್ಮ ಹಿರಿಯರು ಗಂಟು ಹೊತ್ತು ಉಡುಪಿಯ ಪರ್ಯಾಯಕ್ಕೆ ನಡೆದುಹೋಗಿ, ಛತ್ರದ ಜಗಲಿಯಲ್ಲಿ ಗುರುತಿಲ್ಲದವರ ಮಗ್ಗುಲಲ್ಲಿ ಮಲಗುತ್ತಿದ್ದುದಕ್ಕಿಂತ ಇದೇನೂ ಬೇರೆಯಲ್ಲ. ಮೇಲಾಗಿ, ಈ ಏರ್ಪಾಟನ್ನು ಆರಂಭಿಸಿದವರೂ ನನ್ನಂತೆಯೇ ಶಾಲೆಯ ಮೇಷ್ಟ್ರು. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮಾನ್ ಎಂಬವರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗುಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ರಾತ್ರಿ ಕಳೆದರು. ಅಂದು ಹುಟ್ಟಿದ ಯೋಚನೆಯೇ 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಹಾಸ್ಟೆಲಾಗಿ ನಿಂತಿತು. ಈ ಕಥೆಯನ್ನೆಲ್ಲ ಕೇಳಿದ ಮೇಲೆ ಮನೆಯಾಕೆ, 'ಮೇಷ್ಟ್ರುಗಳ ಬುದ್ಧಿ ಎಲ್ಲ ದೇಶದಲ್ಲಿಯೂ ಒಂದೇ' ಎಂದಷ್ಟೇ ಹೇಳಿ ಮತ್ತೆ ಹೂವಿಗೆ ಕೈಹಾಕಿದಳು.

ನನ್ನ ಸಂಗಡ ಹೊರಟ ಇಬ್ಬರನ್ನು ಬೋಟು, ಬ್ಯಾಂಕು ಎಂದು ಕರೆಯುತ್ತೇನೆ. ಮೂವರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಒಬ್ಬ ಮಣಿಪಾಲದ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಚಹಾದ ಕಾಸನ್ನೂ ಪುಸ್ತಕದಲ್ಲಿ ಬರೆಯುವ ಅವನ ರೂಢಿ ನಿವೃತ್ತಿಯ ಅನಂತರವೂ ಬಿಟ್ಟಿಲ್ಲ. ಇನ್ನೊಬ್ಬ ಬೋಟಿನ ಯಜಮಾನ. ಬೋಟುಗಳಿದ್ದರೂ ಅವನೊಬ್ಬ ವಿಚಿತ್ರ ಯಜಮಾನ: ದಕ್ಕೆಯಲ್ಲಿ ನಿಂತು ಮೀನಿನ ಲೆಕ್ಕ ನೋಡುವನೇ ಹೊರತು ನೀರಿಗೆ ಇಳಿದವನಲ್ಲ. ಕಣ್ಣೆದುರಿಗೇ ಇರುವ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದರೂ, 'ನೀವು ಹೋಗಿ ಬನ್ನಿ' ಎನ್ನುವನು. ಅವನ ತಮ್ಮ ನಲವತ್ತು ವರ್ಷಗಳ ಹಿಂದೆ ಸಮುದ್ರಕ್ಕೆ ಹೋದವನು ಹಿಂದಿರುಗಲಿಲ್ಲವೆಂಬುದನ್ನು ನಾವು ಬಲ್ಲೆವು. ಆದುದರಿಂದ ಆ ವಿಷಯವನ್ನು ನಾವೆಂದೂ ಎತ್ತಿದವರಲ್ಲ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಕಾಣೆಯಾದಾಗ, ಮರುವರ್ಷದ ಮೇ ತಿಂಗಳಲ್ಲಿ ಮಾಲ್ವಣದಾಚೆ ಅದರ ಅವಶೇಷ ದೊರೆಯುವ ತನಕ, ಅವನು ದಿನವೂ ಸಂಜೆ ಬಂದರಿನ ಅಂಚಿನಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ಆಗಲೂ ನಾವು ಕೇಳಲಿಲ್ಲ.

ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಷ್ಟೆ. ಬೋಟುಗಳು ದಕ್ಕೆಯಲ್ಲಿ ಸಾಲಾಗಿ ಮಲಗಿರುವ ಆ ಕಾಲವೇ ನಮ್ಮ ಮಿತ್ರನಿಗೆ ಬಿಡುವು. ಶ್ರೀಲಂಕೆಯ ದಕ್ಷಿಣ ತೀರದಲ್ಲಿಯೂ ಆಗ ನಮ್ಮದೇ ನೈಋತ್ಯ ಮಾರುತದ ಮಳೆ. ಪ್ರವಾಸಿಗಳು ಕಡಮೆ, ಮಂಚದ ಬಾಡಿಗೆಯೂ ಕಡಮೆ. ಬ್ಯಾಂಕಿನ ಮಿತ್ರನಿಗೆ ಒಪ್ಪಿಗೆಯಾಗಲು ಇಷ್ಟು ಸಾಕಾಯಿತು. ಬೆಂಗಳೂರಿಗೆ ರಾತ್ರಿಯ ಬಸ್ಸು, ಅಲ್ಲಿಂದ ಸುಮಾರು ಒಂದೂವರೆ ಗಂಟೆಯ ವಿಮಾನ. ಐದು ರಾತ್ರಿಗಳ ಪ್ರವಾಸ.

ಮೊದಲ ರಾತ್ರಿ ವಿಮಾನ ನಿಲ್ದಾಣಕ್ಕೆ ಸಮೀಪದ ನೆಗೊಂಬೊದಲ್ಲಿ ತಂಗಿದೆವು. ಬೆಳಗ್ಗೆ ತೀರದಲ್ಲಿ ಹಾಸಿನ ಮೇಲೆ ಹರಡಿದ್ದ ಒಣಮೀನನ್ನು ಕಂಡು ಬೋಟಿನ ಮಿತ್ರ ತನ್ನ ಮನೆಯಂಗಳಕ್ಕೆ ಬಂದವನಂತೆ ಕುಳಿತುಬಿಟ್ಟ. ಭಾಷೆ ಬಾರದಿದ್ದರೂ ಅಲ್ಲಿಯ ಹೆಂಗಸೊಬ್ಬಳೊಡನೆ ಬೆರಳೆಣಿಸಿ ಧಾರಣೆ ವಿಚಾರಿಸಿದ. ಉಪಾಹಾರಕ್ಕೆ ಬಂದುದು ನಮ್ಮ ಒತ್ತುಶ್ಯಾವಿಗೆಯ ಒಡಹುಟ್ಟಿನಂಥ ತಿಂಡಿ, ಜೊತೆಗೆ ಕೆಂಪು ಕಾಯಿಚಟ್ನಿ. ಇಷ್ಟು ದೂರ ಬಂದುದು ಇದನ್ನು ತಿನ್ನಲೇ ಎಂದು ಬ್ಯಾಂಕು ಗೊಣಗಿ, ಮೂರು ಸಲ ಹಾಕಿಸಿಕೊಂಡ.

ಮರುದಿನ ಕೊಲಂಬೊದಿಂದ ಗಾಲೆಗೆ ರೈಲು. ಹಳಿಗಳು ಎಷ್ಟೋ ಕಡೆ ಸಮುದ್ರಕ್ಕೆ ಅಂಟಿಕೊಂಡೇ ಸಾಗುತ್ತವೆ. ಹೊರಗೆ ಆಷಾಢದ ಕಡಲು ಬೊಬ್ಬಿರಿಯುತ್ತಿತ್ತು. ಹಿಕ್ಕಡುವಾ ಸಮೀಪಿಸುತ್ತಿದ್ದಂತೆ ನನ್ನೊಳಗಿನ ಮೇಷ್ಟ್ರು ಎಚ್ಚರಗೊಂಡ. '2004ರ ಡಿಸೆಂಬರ್ 26ರಂದು "ಸಮುದ್ರ ದೇವಿ" ಎಂಬ ರೈಲು ಇಲ್ಲಿಯೇ ಪೆರಲಿಯ ಎಂಬಲ್ಲಿ ಸುನಾಮಿಗೆ ಸಿಕ್ಕಿತು. ಮೊದಲನೆಯ ಅಲೆ ಬಂದಾಗ ರೈಲು ನಿಂತಿತು. ರೈಲೇ ಕ್ಷೇಮವೆಂದು ಊರಿನವರೂ ಅದನ್ನೇ ಹತ್ತಿದರು. ಅನಂತರ ಬಂದ ದೊಡ್ಡ ಅಲೆ ಡಬ್ಬಿಗಳನ್ನೇ ಎತ್ತಿ ಎಸೆಯಿತು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಗುರುತು ಸಿಗದ ಎಷ್ಟೋ ಮಂದಿಯನ್ನು ಹಳಿಯ ಸಮೀಪದಲ್ಲಿಯೇ ಮಣ್ಣು ಮಾಡಿದರು' ಎಂದು ಪಾಠ ಒಪ್ಪಿಸಿದೆ. ತಿರುಗಿ ನೋಡಿದರೆ ಬೋಟಿನ ಮಿತ್ರ ಕಿಟಕಿಯ ಕಡೆಗೆ ಮುಖ ಮಾಡಿದ್ದ. ಗಾಲೆ ಬರುವ ತನಕ ಒಂದು ಮಾತನ್ನೂ ಆಡಲಿಲ್ಲ. ಹಾಳು ಬಾಯಿಯನ್ನು ನಾನೇ ಶಪಿಸಿಕೊಂಡೆ.

ಗಾಲೆಯಲ್ಲಿ ನಮ್ಮ ಹಾಸ್ಟೆಲು ಒಂದು ಹಳೆಯ ಹಂಚಿನ ಮನೆ. ಆರು ಮಂಚಗಳಲ್ಲಿ ಮೂರು ನಮ್ಮವು. ಉಳಿದ ಮೂರರಲ್ಲಿ ನಮ್ಮ ಮಕ್ಕಳ ಪ್ರಾಯದ ಪರದೇಶದ ಹುಡುಗರು. ನಮ್ಮ ಗೊರಕೆಯ ಪ್ರತಾಪವನ್ನು ಮುಖ ನೋಡಿಯೇ ಊಹಿಸಿದರೋ ಏನೋ, ಒಂಬತ್ತಕ್ಕೆಲ್ಲ ಕಿವಿಗೆ ಬಿರಡೆ ಸಿಕ್ಕಿಸಿಕೊಂಡು ಮಲಗಿದರು. ಮೇಲಿನ ಮಂಚ ಹತ್ತಿದ ನನಗೆ ಮಾಡು ಕೈಗೆಟಕುವಷ್ಟು ಸಮೀಪ. ಒಂದರ ತುಟಿಗೆ ಇನ್ನೊಂದು ಕಚ್ಚಿಕೊಳ್ಳುವ ಅದೇ ಚಪ್ಪಟೆ ಹಂಚು! ನಾವು ಮಂಗಳೂರು ಹಂಚೆನ್ನುವುದನ್ನು ಅಲ್ಲಿಯವರು ಕಲ್ಲಿಕೋಟೆ ಹಂಚೆನ್ನುತ್ತಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೊಡಗಿದ ಹಂಚಿನ ಉದ್ಯಮ ಮುಂದೆ ನಮ್ಮ ಮಲ್ಪೆಗೂ ಬಂದಿತ್ತು. ನನ್ನ ಬಾಲ್ಯದ ಮನೆಯ ಮಾಡೂ ಅದೇ.

ನಡುರಾತ್ರಿಯಲ್ಲಿ ಮಳೆ ಬಂತು. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ದೇಶಭೇದವಿಲ್ಲ. ಆ ಸದ್ದಿನಲ್ಲಿಯೇ ಕೆಳಗಿನ ಮಂಚದಿಂದ ಬೋಟಿನ ಮಿತ್ರನ ಸ್ವರ ಕೇಳಿತು: 'ಮೇಷ್ಟ್ರೇ, ಎಚ್ಚರ ಉಂಟಾ?'

'ಉಂಟು ಮಾರಾಯ.'

'ಆ ದಿನ ಹೋಗಬೇಕಾದವನು ನಾನು.'

ನಾನು ಉಸಿರು ಬಿಗಿಹಿಡಿದೆ. ಅವನು ಮೆಲ್ಲಗೆ ಹೇಳುತ್ತ ಹೋದ. ಪತ್ತನಾಜೆಗೆ ನಾಲ್ಕು ದಿನಗಳಿದ್ದವು. ಮೇಳಗಳು ಗೆಜ್ಜೆ ಬಿಚ್ಚುವ ಮೊದಲಿನ ಕೊನೆಯ ಬಯಲಾಟ ಊರ ಗದ್ದೆಯಲ್ಲಿ. ಅಂದು ರಾತ್ರಿ ದೋಣಿಗೆ ಹೋಗುವ ಸರದಿ ಅವನದು. ತಮ್ಮ, 'ನೀನು ಆಟಕ್ಕೆ ಹೋಗಣ್ಣ, ನಾನು ಹೋಗಿ ಬರುತ್ತೇನೆ' ಎಂದನಂತೆ. ಬೆಳಗಿನ ಜಾವ ಅಕಾಲದ ಗಾಳಿ ಎದ್ದಿತು. ಉಳಿದವರನ್ನು ಬೇರೊಂದು ದೋಣಿಯವರು ಎತ್ತಿಕೊಂಡರು. ತಮ್ಮ ಸಿಗಲಿಲ್ಲ, ಎರಡು ದಿನಗಳ ಅನಂತರ ಕಾಪುವಿನ ದೀಪಸ್ತಂಭದ ಬಳಿ ದೋಣಿಯ ಹಲಗೆಗಳಷ್ಟೇ ದಡಕ್ಕೆ ಬಂದವು. 'ಅಮ್ಮ ಸಾಯುವ ತನಕ ಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ. ಅವನ ಫೋಟೋಕ್ಕೆ ಮಾಲೆ ಹಾಕಲು ಬಿಡಲಿಲ್ಲ. ಅಮ್ಮ ಹೋದ ಮೇಲೆ ಹಾಕಲು ನನಗೆ ಕೈ ಬರಲಿಲ್ಲ. ಹಾಕಿದರೆ ಕೊಂದವನು ನಾನೇ ಎಂದು ಒಪ್ಪಿಕೊಂಡ ಹಾಗೆ.'

ನಾನು ಏನು ಹೇಳಲಿ? ಅಂದು ಆಟಕ್ಕೆ ಕರೆಯಲು ಅವನ ಅಂಗಳಕ್ಕೆ ಹೋದವನೇ ನಾನು. ತಮ್ಮ ಜಗಲಿಯಲ್ಲಿ ನಿಂತು ನಕ್ಕುದು ನನಗೆ ಇಂದಿಗೂ ನೆನಪಿದೆ. ಏತಕ್ಕೆ ನಕ್ಕನೆಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನೇ ಹೇಳಿದೆ. ಆಗ ಕತ್ತಲೆಯ ಇನ್ನೊಂದು ಮೂಲೆಯಿಂದ, ನಿದ್ರಿಸಿದ್ದಾನೆಂದು ನಾವು ಬಗೆದಿದ್ದ ಬ್ಯಾಂಕಿನ ಮಿತ್ರನ ಸ್ವರ ಬಂತು: 'ಆಟಕ್ಕೆ ಹೋಗುವ ಎಂದು ಮೊದಲು ಎತ್ತಿದವನು ನಾನು. ಮೂರು ಪಾಲು ಮಾಡು. ಒಬ್ಬನೇ ಹೊರಬೇಡ.'

ಆಮೇಲೆ ಯಾರೂ ಮಾತನಾಡಲಿಲ್ಲ. ಊರಿನಲ್ಲಿ ನಲವತ್ತು ವರ್ಷ ಒಂದೇ ಕಟ್ಟೆಯಲ್ಲಿ ಕುಳಿತು ಆಡಲಾಗದ ಮಾತಿಗೆ ಗುರುತಿಲ್ಲದವರ ನಡುವಿನ ಆ ಕತ್ತಲೆ ಬೇಕಾಯಿತು. ನಮ್ಮ ನಮ್ಮ ಮನೆಗಳಲ್ಲಾಗಲಿ, ಒಬ್ಬೊಬ್ಬರಿಗೊಂದು ಕೋಣೆ ಕೊಡುವ ದೊಡ್ಡ ಹೋಟೆಲಿನಲ್ಲಾಗಲಿ ಅವನು ಬಾಯಿ ತೆರೆಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಬೆಳಗ್ಗೆ ಗಾಲೆಯ ಕೋಟೆ ನೋಡುವ ಕಾರ್ಯಕ್ರಮವಿತ್ತು. ಬೋಟಿನ ಮಿತ್ರ, 'ನಿನ್ನೆ ಹೇಳಿದ ಜಾಗಕ್ಕೆ ಹೋಗುವ' ಎಂದ. ಬಸ್ಸು ಹತ್ತಿ ಪೆರಲಿಯಕ್ಕೆ ಹೋದೆವು. ಬಾಮಿಯಾನಿನ ಬುದ್ಧನ ಮಾದರಿಯಲ್ಲಿ ಕೆತ್ತಿದ ಎತ್ತರದ ಬುದ್ಧನೊಬ್ಬ ಅಲ್ಲಿ ನಿಂತಿದ್ದಾನೆ. ಮಳೆ ಬಿಟ್ಟಿತ್ತು. ಮಿತ್ರ ದಾರಿಯಲ್ಲಿ ಕೊಂಡ ಹೂವನ್ನು ಬುದ್ಧನ ಪಾದದ ಬಳಿ ಇಟ್ಟು, ಅನಂತರ ಸಮುದ್ರದ ಕಡೆಗೆ ತಿರುಗಿ ತಮ್ಮನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕರೆದ. ಅಷ್ಟೆ. ನಾವು ಅವನ ಎಡಬಲಕ್ಕೆ ನಿಂತಿದ್ದೆವು. ಅಂದಿನ ಬಸ್ಸಿನ ಖರ್ಚನ್ನು ಬ್ಯಾಂಕು ಪುಸ್ತಕದಲ್ಲಿ ಬರೆಯಲಿಲ್ಲ, ನಾವೂ ಕೇಳಲಿಲ್ಲ.

ಊರಿಗೆ ಮರಳಿದಾಗ ಮನೆಯಾಕೆ, 'ಪಾಸಾದಿರೋ?' ಎಂದು ಕೇಳಿದಳು. ಚಹಾಪುಡಿಯ ಪೊಟ್ಟಣವನ್ನು ಅವಳ ಕೈಗಿತ್ತು ಸುಮ್ಮನಾದೆ.

ಆಗಸ್ಟ್ ತಿಂಗಳಲ್ಲಿ ಬೋಟುಗಳು ನೀರಿಗಿಳಿಯುವ ಹೊತ್ತಿಗೆ ಬೋಟಿನ ಮಿತ್ರ ನಮ್ಮಿಬ್ಬರನ್ನೂ ಮನೆಮಂದಿಯೊಡನೆ ಊಟಕ್ಕೆ ಕರೆದ. ಚಾವಡಿಯ ಗೋಡೆಯಲ್ಲಿ ತಮ್ಮನ ಫೋಟೋ ಇತ್ತು. ಅದಕ್ಕೆ ಮಲ್ಲಿಗೆಯ ಮಾಲೆ ಹಾಕಿದ್ದ. ಊಟಕ್ಕೆ ಕುಳಿತಾಗ ಅವನ ಮೊಮ್ಮಗ, 'ಅಜ್ಜ, ಅವರು ಯಾರು?' ಎಂದು ಕೇಳಿದ. ಮಿತ್ರ ಬಡಿಸುವುದನ್ನು ನಿಲ್ಲಿಸಿ, ಹುಡುಗನ ಪಕ್ಕದಲ್ಲಿ ಕುಳಿತು ಮೊದಲಿನಿಂದ ಹೇಳತೊಡಗಿದ.