ತಮ್ಮನ ಮಾರಿಯೋ

ನಮ್ಮ ಮನೆಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷಗಳಾದರೂ ಅದಕ್ಕೂ ನನಗೂ ಇದ್ದ ನಂಟು ಧೂಳು ಒರೆಸುವಷ್ಟೇ. ಅಂಥ ನಾನು ಹೋದ ಮಳೆಗಾಲದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು, 'ಇದು ಯಾಕಪ್ಪಾ ಇಷ್ಟು ನಿಧಾನ?' ಎಂದು ತಲೆ ಕೆಡಿಸಿಕೊಂಡೆ ಎಂದರೆ ನಮ್ಮವರೇ ನಂಬುವುದಿಲ್ಲ, ಇನ್ನು ನೀವು ನಂಬುತ್ತೀರಾ?

ಕತೆ ಶುರುವಾಗುವುದು 1993ರ ಬೇಸಿಗೆ ರಜೆಯಲ್ಲಿ. ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಚನ್ನರಾಯಪಟ್ಟಣದ ಭಾವ ಬೆಂಗಳೂರಿನಿಂದ ಬರುವಾಗ ನನ್ನ ತಮ್ಮನಿಗೆಂದು ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದುಕೊಟ್ಟರು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲು ಅದು ಎಂದು ನಮಗೇನು ಗೊತ್ತು! ಮೀಸೆಯ ಮಾರಿಯೋ ಹಾರಿ ಹಾರಿ ಓಡುತ್ತಿದ್ದ, ನಾವು ಅವನ ಹಿಂದೆ ಕೂತಲ್ಲೇ ಹಾರುತ್ತಿದ್ದೆವು. ಕರೆಂಟು ಹೋದರೆ ಹೇಮಾವತಿ ಹೊಳೆಯ ಕಡೆ ಹೋಗಿ ಬರುವುದು, ಬಂದರೆ ಮತ್ತೆ ಮೊದಲಿನಿಂದ ಆಟ. ತಮ್ಮನಿಗಾಗ ಹದಿನಾಲ್ಕು ವರ್ಷ. ಅವನ ಬೆರಳಿನ ಚುರುಕು ನೋಡಿ ಅಮ್ಮ, "ಈ ಬೆರಳು ಪುಸ್ತಕದ ಹಾಳೆ ತಿರುವಿದ್ದರೆ ಡಾಕ್ಟರಾಗ್ತಿದ್ದ" ಎನ್ನುತ್ತಿದ್ದಳು.

ಹೋದ ವರ್ಷ ಅದೇ ಬಲಗೈಗೆ ಲಕ್ವ ಹೊಡೆಯಿತು. ಬಿ.ಪಿ. ಏರಿದ್ದು ಅವನಿಗೂ ಗೊತ್ತಾಗಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ವ್ಯಾಯಾಮ ಮಾಡಿಸಲು ಅನುಕೂಲವೆಂದು ಹಾಸನದ ನಮ್ಮ ಮನೆಯಲ್ಲೇ ಇರಿಸಿಕೊಂಡೆ. ಬೆರಳುಗಳಿಗೆ ಕೆಲಸ ಕೊಡಿ ಎಂದಿದ್ದರು. ರಬ್ಬರ್ ಚೆಂಡು ಹಿಸುಕುವುದೆಂದರೆ ಅವನಿಗೆ ಬೇಜಾರು. ಆಗ ಅವನ ಮಗ, ಇಂಜಿನಿಯರಿಂಗ್ ಓದುವವನು, ಒಂದು ಉಪಾಯ ಹುಡುಕಿದ. ಹಳೇ ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಎಂಬುದನ್ನು ಹಾಕಿದ. ಹಳೆಯ ಯಂತ್ರ ಮಾಡುತ್ತಿದ್ದ ಕೆಲಸವನ್ನೆಲ್ಲ ಅದು ಅನುಕರಿಸಿ ತೋರಿಸುತ್ತದಂತೆ. ಒಂಥರಾ ದುಭಾಷಿ ಇದ್ದ ಹಾಗೆ.

ಆದರೆ ಮಾರಿಯೋ ಓಡಲೇ ಇಲ್ಲ! ಕೆರೆಯಿಂದ ಎದ್ದುಬಂದ ಎಮ್ಮೆಯಂತೆ ಕಾಲೆಳೆದ. ಹಾಡು ಬಿಕ್ಕಳಿಸುತ್ತಿತ್ತು. ಮೂಲೆಯಲ್ಲಿ 38 ಎಂದು ಬರುತ್ತಿತ್ತು. ಸೆಕೆಂಡಿಗೆ 60 ಚಿತ್ರ ಬರಬೇಕು, 38 ಬರುತ್ತಿದೆ ಎಂದು ಹುಡುಗ ತಲೆ ಕೆರೆದುಕೊಂಡ. ಹಳೇ ಯಂತ್ರದ ಮಿದುಳಿನ ವೇಗ 1.79 ಮೆಗಾಹರ್ಟ್ಸ್ ಮಾತ್ರ. ಲ್ಯಾಪ್‌ಟಾಪು ಅದರ ನೂರಾರು ಪಟ್ಟು ಚುರುಕು. ಹಾಗಾದರೆ ಇದಕ್ಕೇನು ರೋಗ?

ಒಂದಲ್ಲ, ಮೂರು ರೋಗ. ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪು ತಾನೇ ಶಕ್ತಿ ಕಮ್ಮಿ ಮಾಡಿಕೊಂಡಿತ್ತು. ಚಾರ್ಜರ್ ಸಿಕ್ಕಿಸಿ, ಉಳಿತಾಯದ ಆಯ್ಕೆ ತೆಗೆದಾಗ 44 ಆಯಿತು. ಆಮೇಲೆ ಅಡಿಭಾಗ ಮುಟ್ಟಿದರೆ ದೋಸೆ ಕಾವಲಿ! ಬಿಸಿಯೇರಿದರೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದಂತೆ. ಹುಡುಗ ಮುಚ್ಚಳ ಬಿಚ್ಚಿದ; ಫ್ಯಾನಿನಲ್ಲಿ ಹತ್ತಿಯಂತೆ ಧೂಳು. ಧೂಳೆಂದರೆ ನನ್ನ ಇಲಾಖೆ ತಾನೇ? ಬಣ್ಣ ಬಳಿಯುವ ಬ್ರಷ್ಷಿನಿಂದ ಮೆಲ್ಲಗೆ ತೆಗೆದೆ. 51ಕ್ಕೆ ಬಂತು. ಕೊನೆಯದು ಹುಡುಗನ ಶೋಕಿ. ಚಿತ್ರ ಹಳೇ ಟಿ.ವಿ.ಯಂತೆ ಗೆರೆಗೆರೆಯಾಗಿ ಕಾಣಲೆಂದು ಒಂದು ಫಿಲ್ಟರ್ ಹಾಕಿದ್ದ. ಅದೇ ದೊಡ್ಡ ಹೊರೆ. ತೆಗೆದದ್ದೇ ತಡ, 60!

ಎಲ್ಲರೂ ಚಪ್ಪಾಳೆ ತಟ್ಟಿದೆವು. ತಮ್ಮ ಆಡಿದ, ಮೊದಲ ಹಳ್ಳಕ್ಕೇ ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ತೊದಲು ಮಾತಿನಲ್ಲಿ ಹೇಳಿದ, "ಅಕ್ಕಾ, ಇದು ನಮ್ಮ ಮಾರಿಯೋ ಅಲ್ಲ. ನಮ್ಮೋನು ಇಷ್ಟು ಜೋರಾಗಿ ಓಡ್ತಿರ್ಲಿಲ್ಲ."

ಅರಕಲಗೂಡಿನಿಂದ ನೋಡಲು ಬಂದಿದ್ದ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು, "ಹೌದೌದು ಕಣೋ, ನೀನು ಹುಷಾರಾದ ಮೇಲೆ ಎಲ್ಲಾ ಸರಿಹೋಗುತ್ತೆ" ಎಂದೆ. ಆ ದಿನಗಳಲ್ಲಿ ಅವನು ಏನು ಹೇಳಿದರೂ ನಮ್ಮ ಉತ್ತರ ಅದೇ. ಫ್ಯಾನು ಸದ್ದು ಮಾಡುತ್ತೆ ಎಂದರೆ ಹೌದೌದು. ಸಾರಿಗೆ ಉಪ್ಪು ಜಾಸ್ತಿ ಎಂದರೆ, ನಿನ್ನ ನಾಲಿಗೆ ಕೆಟ್ಟಿದೆ. ಕೈ ಸೋತವನ ಮಾತೂ ಸೋತಿದೆ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು. ಅವನು ಏನೂ ಅನ್ನದೆ ಗೋಡೆ ಕಡೆ ತಿರುಗಿ ಮಲಗಿದ. ಎರಡು ದಿನ ಆಟ ಮುಟ್ಟಲಿಲ್ಲ, ಚೆಂಡನ್ನೂ ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಹುಡುಗ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಅತ್ತೆ, ಅಪ್ಪ ಹೇಳಿದ್ದೇ ಸರಿ."

ಜಪಾನು, ಅಮೆರಿಕದ ಟಿ.ವಿ.ಗಳಲ್ಲಿ ಆಗ ಸೆಕೆಂಡಿಗೆ 60 ಸಲ ಚಿತ್ರ ಮೂಡುತ್ತಿತ್ತು. ನಮ್ಮ ದೇಶದ ಟಿ.ವಿ.ಯದು ಪಾಲ್ ಪದ್ಧತಿ, ಇಲ್ಲಿ 50 ಸಲ. ಮಾರಿಯೋ ಒಂದೊಂದು ಚಿತ್ರಕ್ಕೆ ಲೆಕ್ಕವಿಟ್ಟು ಹೆಜ್ಜೆ ಹಾಕುವವನು. ಚಿತ್ರ ಕಮ್ಮಿಯಾದರೆ ಹೆಜ್ಜೆಯೂ ಕಮ್ಮಿ. ಅಲ್ಲಿ 5 ಸೆಕೆಂಡಿನಲ್ಲಿ ಓಡುವ ದಾರಿಗೆ ಇಲ್ಲಿ 6 ಸೆಕೆಂಡು. ಹೊಳೆನರಸೀಪುರದ ನಮ್ಮ ಮಾರಿಯೋ ನಿಜಕ್ಕೂ ನಿಧಾನವಾಗಿಯೇ ಓಡುತ್ತಿದ್ದ! ಮೂವತ್ತು ವರ್ಷದ ಹಿಂದಿನ ಆ ಓಟ, ಲಕ್ವ ಹೊಡೆದ ಮೇಲೂ ನನ್ನ ತಮ್ಮನ ತಲೆಯಲ್ಲಿ ಹಾಗೇ ಇತ್ತು.

ರೊಟ್ಟಿ ಸೀದುಹೋಯಿತು, ನನಗೆ ಗೊತ್ತಾಗಲಿಲ್ಲ.

ಎಮ್ಯುಲೇಟರಿನಲ್ಲಿ ಅದಕ್ಕೂ ಒಂದು ಆಯ್ಕೆ ಇದೆ, 'ಡೆಂಡಿ' ಎಂದು. ರಷ್ಯಾದಲ್ಲಿ ಮಾರಾಟವಾಗುತ್ತಿದ್ದ ಇಂಥದ್ದೇ ನಕಲು ಯಂತ್ರದ ಹೆಸರಂತೆ, ಅದೂ 50ರದ್ದು. ಹುಡುಗ ಅದನ್ನು ಆರಿಸಿ ಅಪ್ಪನ ಮುಂದೆ ಇಟ್ಟ. ಹಾಡು ಶುರುವಾಯಿತು. ಆಡಲು ಕೈಯನ್ನೇ ಇಡದೆ ತಮ್ಮ ಹೇಳಿದ, "ಹೂಂ, ಇವನೇ."

ಅವತ್ತೂ ಹಳ್ಳಕ್ಕೇ ಬಿದ್ದ, ಅದು ಬೇರೆ ಮಾತು. ವಾರ ಕಳೆಯುವಷ್ಟರಲ್ಲಿ ಒಂದು ಹಳ್ಳ ದಾಟಿದ. ಹೆಬ್ಬೆರಳು ಇನ್ನೂ ಪೂರ್ತಿ ಬಗ್ಗುವುದಿಲ್ಲ. ಆದರೆ ಯಾರೂ ಹೇಳದೆ ತಾನೇ ಕೂತು ಆಡುತ್ತಾನೆ.

ಆ ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ನಾನೇ ಬಾಯಿ ಬಿಟ್ಟೆ. "ನೀನು ಹೇಳಿದ್ದೇ ಸರಿ ಕಣೋ. ನಾನು ನಂಬಬೇಕಿತ್ತು."

ಅವನು ಎಡಗೈಯ ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ. "ಹಂಗಾದ್ರೆ ಅಕ್ಕಾ, ಸಾರಿಗೆ ಉಪ್ಪು ಜಾಸ್ತಿ ಅಂದಿದ್ದು?"

ನಾನು ಒಳಗೆ ಹೋಗಿ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದೆ. ಬಿ.ಪಿ. ಇರುವವನಿಗೆ ಬಡಿಸುವ ಸಾರಲ್ಲ ಅದು. ನಿಜವಾಗಿಯೂ ಜಾಸ್ತಿ ಇತ್ತು.