ಕಲ್ಲಿಗೆ ಹೆಸರಿಡುವ ಪಾಠ

ಮಂಗಳ ಗ್ರಹದ ಮೇಲೆ ‘ಯೋಗಿ’ ಎಂಬ ಹೆಸರಿನ ಒಂದು ಬಂಡೆ ಇದೆ ಎಂದಾಗ ಎಂಟನೆಯ ತರಗತಿಯ ಮಕ್ಕಳು ಅದನ್ನು ಕೂಡಲೇ ಒಪ್ಪಿಕೊಂಡರು. ತಪಸ್ಸಿಗೆ ಕೂತ ಹಾಗಿರಬೇಕು, ಅದಕ್ಕೇ ಆ ಹೆಸರು ಎಂದು ಒಬ್ಬ ಹುಡುಗ ಕಾರಣವನ್ನೂ ಕೊಟ್ಟ. ಚಿತ್ರ ತೋರಿಸಿದಾಗ ಉಳಿದವರಿಗೂ ಅದು ಕೂತ ಸನ್ಯಾಸಿಯಂತೆಯೇ ಕಂಡಿತು. ಆದರೆ ಆ ಹೆಸರು ಬಂದದ್ದು ಅಮೆರಿಕದ ಕಾರ್ಟೂನ್ ಕರಡಿ ‘ಯೋಗಿ ಬೇರ್’ನಿಂದ. 1997ರಲ್ಲಿ ಪಾತ್‌ಫೈಂಡರ್ ನೌಕೆ ಕಳುಹಿಸಿದ ಚಿತ್ರ ನೋಡಿದವರಿಗೆ ಆ ಬಂಡೆ ಕರಡಿಯ ತಲೆಯಂತೆ ಕಂಡಿತ್ತು. ಕಲ್ಲು ಒಂದೇ. ಅಲ್ಲಿಯವರಿಗೆ ಕರಡಿ, ತೆಂಗಿನಗುಂಡಿಯ ಮಕ್ಕಳಿಗೆ ಸನ್ಯಾಸಿ.

ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ ಭಾಗದ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಶಿಲೆಗಳ ಕುರಿತು ತೆಗೆದುಕೊಂಡ ಮೂರು ತರಗತಿಗಳ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಶಿಲೆಗಳ ಪಾಠ ಇರುವುದು ಸಮಾಜ ವಿಜ್ಞಾನ ಪುಸ್ತಕದಲ್ಲಿ. ವಿಜ್ಞಾನ ಪ್ರಶಿಕ್ಷಣಾರ್ಥಿಯಾದ ನನಗೆ ವಿಜ್ಞಾನ ಸಂಘದ ಮೂರು ಅವಧಿಗಳು ದೊರೆತಿದ್ದರಿಂದ ಈ ವಿಷಯವನ್ನು ಆರಿಸಿಕೊಂಡೆ. ಪೂರ್ವಜ್ಞಾನ ಪರೀಕ್ಷಿಸಲು ಶಿಲೆಗಳ ವಿಧ ಕೇಳಿದಾಗ ‘ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ’ ಎಂದು ಇಡೀ ತರಗತಿ ಒಂದೇ ಉಸಿರಿನಲ್ಲಿ ಹೇಳಿತು. ಅಂಗಳದಿಂದ ತಂದ ಒಂದು ಕಲ್ಲನ್ನು ಮೇಜಿನ ಮೇಲಿಟ್ಟು ಇದು ಯಾವುದು ಎಂದಾಗ ಎಲ್ಲರೂ ಸುಮ್ಮನಾದರು. ಹೆಸರುಗಳೆಲ್ಲ ಇದ್ದವು, ಅವನ್ನು ಕಲ್ಲಿನ ಮೇಲೆ ಕೂರಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಮಂಗಳದ ಕಲ್ಲುಗಳನ್ನು ನಾನು ತರಗತಿಗೆ ತಂದದ್ದು ಈ ಕಾರಣಕ್ಕೆ. ಅಲ್ಲಿ ಕೆಲಸ ಮಾಡುವವರೂ ಇದೇ ಸ್ಥಿತಿಯಲ್ಲಿ ಆರಂಭಿಸುತ್ತಾರೆ: ಎದುರಿಗೆ ಕಲ್ಲುಗಳಿವೆ, ಅವು ಯಾವ ಜಾತಿಯವು ಎಂದು ಇನ್ನೂ ತಿಳಿದಿಲ್ಲ.

ಕಲ್ಲಿಗೆ ಹೆಸರೇಕೆ ಬೇಕು ಎಂಬುದು ಮೊದಲ ಪ್ರಶ್ನೆ. ಭೂಮಿಯಿಂದ ಮಂಗಳಕ್ಕೆ ರೇಡಿಯೋ ಸಂಕೇತ ತಲುಪಲು, ಎರಡೂ ಗ್ರಹಗಳ ನಡುವಿನ ಅಂತರವನ್ನು ಅವಲಂಬಿಸಿ, 3ರಿಂದ 22 ನಿಮಿಷ ಬೇಕು. ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. ಆಟಿಕೆ ಕಾರಿನಂತೆ ರೋವರನ್ನು ಕೂತಲ್ಲಿಂದ ಓಡಿಸಲು ಸಾಧ್ಯವಿಲ್ಲ. ಹಾಗಾಗಿ ಮಂಗಳದ ಒಂದು ಹಗಲಿಗೆ ಬೇಕಾದ ಸೂಚನೆಗಳನ್ನೆಲ್ಲ ಬರೆದು ಒಟ್ಟಿಗೆ ಕಳುಹಿಸುತ್ತಾರೆ. ಅದಕ್ಕೆ ಮುಂಚೆ ವಿಜ್ಞಾನಿಗಳು ಹಿಂದಿನ ದಿನದ ಚಿತ್ರಗಳನ್ನು ಮುಂದಿಟ್ಟುಕೊಂಡು ಯಾವ ಕಲ್ಲಿನ ಹತ್ತಿರ ಹೋಗಬೇಕು, ಯಾವುದನ್ನು ಬಿಡಬೇಕು ಎಂದು ಚರ್ಚಿಸುತ್ತಾರೆ. ‘ಎಡಗಡೆಯ ಆ ದೊಡ್ಡ ಕಲ್ಲು’ ಎಂದರೆ ಎಲ್ಲರಿಗೂ ಒಂದೇ ಕಲ್ಲು ಅರ್ಥವಾಗುವುದಿಲ್ಲ. ಅದಕ್ಕಾಗಿ ಹೆಸರು.

1997ರ ಜುಲೈ 4ರಂದು ಇಳಿದ ಪಾತ್‌ಫೈಂಡರ್‌ನಲ್ಲಿ ಹತ್ತೂವರೆ ಕಿಲೋ ತೂಕದ ಸೊಜರ್ನರ್ ಎಂಬ ಪುಟ್ಟ ರೋವರ್ ಇತ್ತು. ಆಗ ಕಲ್ಲುಗಳಿಗೆ ಯೋಗಿ, ಸ್ಕೂಬಿ ಡೂ, ಬಾರ್ನಕಲ್ ಬಿಲ್ ಎಂದು ತಮಾಷೆಯ ಹೆಸರುಗಳು ಬಂದವು. 2004ರಲ್ಲಿ ಸ್ಪಿರಿಟ್ ರೋವರ್ ಪರೀಕ್ಷಿಸಿದ ಮೊದಲ ಕಲ್ಲು ಆಡಿರಾಂಡ್ಯಾಕ್; ಅದು ನ್ಯೂಯಾರ್ಕ್ ರಾಜ್ಯದ ಒಂದು ಪರ್ವತಶ್ರೇಣಿಯ ಹೆಸರು. ಅದೇ ವರ್ಷ ಆಪರ್ಚುನಿಟಿ ರೋವರನ್ನು ಹೊತ್ತ ನೌಕೆ ಗಾಳಿಚೀಲಗಳ ಮೇಲೆ ಪುಟಿಯುತ್ತ ಇಳಿಯುವಾಗ ಒಂದು ಕಲ್ಲಿಗೆ ಬಡಿಯಿತು. ಅದು ಬೌನ್ಸ್ ರಾಕ್, ಅಂದರೆ ‘ಪುಟಿದ ಬಂಡೆ’ ಆಯಿತು. 2012ರಲ್ಲಿ ಕ್ಯೂರಿಯಾಸಿಟಿ ಇಳಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಎಂಜಿನಿಯರ್ ಜೇಕ್ ಮಾಟಿಯೆವಿಚ್ ಅವರ ಹೆಸರನ್ನು ಸಹೋದ್ಯೋಗಿಗಳು ಒಂದು ಕಲ್ಲಿಗೆ ಇಟ್ಟರು.

ಇವೆಲ್ಲ ಕೆಲಸದ ಅನುಕೂಲಕ್ಕೆ ಇಟ್ಟ ಹೆಸರುಗಳು. ಕುಳಿ, ಕಣಿವೆ, ಬೆಟ್ಟಗಳ ಅಧಿಕೃತ ಹೆಸರುಗಳನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಬೇಕು. ಮಂಗಳದ ಸಣ್ಣ ಕುಳಿಗಳಿಗೆ ಭೂಮಿಯ ಮೇಲಿನ, ಸುಮಾರು ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಹೆಸರಿಡುವ ಪದ್ಧತಿ ಇದೆ. 2024ರಲ್ಲಿ ಉತ್ತರ ಪ್ರದೇಶದ ಮುರ್ಸಾನ್, ಬಿಹಾರದ ಹಿಲ್ಸಾ ಎಂಬ ಊರುಗಳ ಹೆಸರು ಹಾಗೆ ಸೇರಿದವು. ಇದನ್ನು ಹೇಳಿದ್ದೇ ತಡ, ‘ಹಾಗಾದರೆ ನಮ್ಮ ಊರಿಗೂ ಅರ್ಹತೆ ಇದೆ’ ಎಂದು ಹಿಂದಿನ ಬೆಂಚಿನಿಂದ ಲೆಕ್ಕ ಬಂತು.

ಚಟುವಟಿಕೆಗೆ ಹತ್ತು ಕಲ್ಲುಗಳನ್ನು ಆರಿಸಿದ್ದೆ. ಮನೆ ಕಟ್ಟುವ ಕೆಂಪು ಚಿರೇಕಲ್ಲು, ಕಡಲ್ಕೊರೆತ ತಡೆಯಲು ಹಾಕುವ ಬಂಡೆಗಳಿಂದ ಸಿಡಿದ ಚೂರುಗಳು, ದಂಡೆಯಲ್ಲಿ ಸವೆದ ಬೆಣಚುಕಲ್ಲು ಇತ್ಯಾದಿ. ತರಗತಿಯನ್ನು ಎರಡು ಭಾಗ ಮಾಡಿ ಒಂದು ಗುಂಪನ್ನು ‘ಭೂಮಿ’, ಇನ್ನೊಂದನ್ನು ‘ರೋವರ್’ ಎಂದು ಕರೆದೆವು. ಭೂಮಿಯವರು ಸೂಚನೆಯನ್ನು ಚೀಟಿಯಲ್ಲಿ ಬರೆಯಬೇಕು. ರೋವರ್‌ನವರು ಎರಡು ನಿಮಿಷ ಕಾದು ಚೀಟಿ ತೆರೆದು, ಬರೆದಷ್ಟನ್ನು ಮಾತ್ರ ಮಾಡಬೇಕು, ಪ್ರಶ್ನೆ ಕೇಳುವಂತಿಲ್ಲ. ಮೊದಲ ಸುತ್ತಿನಲ್ಲಿ ಕಲ್ಲುಗಳಿಗೆ ಸಂಖ್ಯೆಗಳಿದ್ದವು. ಕಲ್ಲು ಉರುಳಿದಾಗ 6 ಯಾವುದು 9 ಯಾವುದು ಎಂಬ ಜಗಳ ಎದ್ದು, ಸಂಖ್ಯೆ ಬೇಡ, ಹೆಸರು ಬೇಕು ಎಂದು ಮಕ್ಕಳೇ ತೀರ್ಮಾನಿಸಿದರು.

ತೂತುತೂತಾದ ಚಿರೇಕಲ್ಲು ‘ಜೇನುಗೂಡು’ ಆಯಿತು. ಕಪ್ಪು-ಬಿಳಿ ಪಟ್ಟೆಗಳಿದ್ದ ಉದ್ದನೆಯ ಚೂರು ‘ಬಂಗುಡೆ’. ಬಂಗುಡೆಯ ಬೆನ್ನಿನ ಗೆರೆಗಳನ್ನು ದಿನಾ ನೋಡುವವರಿಗಲ್ಲದೆ ಇನ್ನಾರಿಗೆ ಆ ಹೆಸರು ಹೊಳೆದೀತು? ನುಣ್ಣನೆಯ ಬೆಣಚು ‘ಅಜ್ಜನ ತಲೆ’. ದಂಡೆಯಲ್ಲಿ ಸಿಕ್ಕ ಗುಂಡನೆಯ ಬೂದುಬಣ್ಣದ್ದು ‘ಲಾಡು’. ಹೆಸರಿಡಲು ಮಕ್ಕಳು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ವೀಕ್ಷಿಸಿ’ ಎಂದು ನಾನು ಹತ್ತು ಸಲ ಹೇಳಿದ್ದರೂ ಅಷ್ಟು ನೋಡುತ್ತಿರಲಿಲ್ಲ.

ತರಗತಿಯ ನಂತರ ಮಾರ್ಗದರ್ಶಕ ಶಿಕ್ಷಕರು ಒಂದು ಮಾತು ಕೇಳಿದರು: ‘ಪರೀಕ್ಷೆಯಲ್ಲಿ ಬಂಗುಡೆ ಎಂದು ಬರೆದರೆ ಅಂಕ ಯಾರು ಕೊಡುತ್ತಾರೆ?’ ಇದು ನ್ಯಾಯವಾದ ಪ್ರಶ್ನೆ. ಚಟುವಟಿಕೆ ಎಂಬ ಹೆಸರಿನಲ್ಲಿ ಮಕ್ಕಳನ್ನು ನಗಿಸಿ, ಶಾಸ್ತ್ರೀಯ ಪದವನ್ನು ಅವರ ಕೈಗೆ ಕೊಡದೆ ಕಳುಹಿಸಿದರೆ ನಷ್ಟವಾಗುವುದು ಅವರಿಗೇ. ಟ್ಯೂಷನ್‌ಗೆ ಹೋಗುವ ಮಗು ಆ ಪದವನ್ನು ಬೇರೆಡೆ ಕಲಿಯುತ್ತದೆ. ಉಳಿದವರಿಗೆ ಶಾಲೆಯೊಂದೇ ದಾರಿ. ಎರಡನೆಯ ಅವಧಿಯ ಪಾಠಯೋಜನೆಯನ್ನು ಈ ಪ್ರಶ್ನೆಯ ಸುತ್ತಲೇ ಬರೆದೆ.

ಮಂಗಳದಲ್ಲಿಯೂ ಕೆಲಸ ಹೆಸರಿಗೆ ನಿಲ್ಲುವುದಿಲ್ಲ. ಬಾರ್ನಕಲ್ ಎಂದರೆ ದೋಣಿಯ ತಳಕ್ಕೂ ದಂಡೆಯ ಬಂಡೆಗೂ ಗಟ್ಟಿಯಾಗಿ ಅಂಟಿಕೊಳ್ಳುವ ಸಣ್ಣ ಚಿಪ್ಪಿನ ಜೀವಿ. ಈ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ‘ಬಾರ್ನಕಲ್ ಬಿಲ್’ನ ಮೈ ಹಾಗೆ ಒರಟಾಗಿ ಕಂಡಿತು. ಸೊಜರ್ನರ್ ಅದರ ಬಳಿ ಹೋಗಿ ಆಲ್ಫಾ ಕಣಗಳನ್ನು ಹಾಯಿಸಿತು. ಹಾಗೆ ಹಾಯಿಸಿದಾಗ ಕಲ್ಲಿನ ಪ್ರತಿಯೊಂದು ಧಾತುವೂ ತನ್ನದೇ ಗುರುತಿನ ಎಕ್ಸ್-ಕಿರಣ ಹೊರಸೂಸುತ್ತದೆ. ಅದನ್ನು ಅಳೆದು ಯಾವ ಧಾತು ಎಷ್ಟಿದೆ ಎಂದು ತಿಳಿಯಬಹುದು. ಬಾರ್ನಕಲ್ ಬಿಲ್‌ನಲ್ಲಿ ಸಿಲಿಕಾ ಹೆಚ್ಚಿದ್ದು ಅದು ಆಂಡಿಸೈಟ್ ಎಂಬ ಅಗ್ನಿಶಿಲೆಯನ್ನು ಹೋಲುವಂತೆ ಕಂಡಿತು. ಯೋಗಿ ಬಸಾಲ್ಟಿಗೆ ಹತ್ತಿರವಾಗಿತ್ತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿಯೂ ಇದೇ ತತ್ತ್ವದ ಉಪಕರಣ ಇತ್ತು. ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ಬಂದ ಸೂಚನೆಗಳಂತೆ ಅದು ಸುಮಾರು 100 ಮೀಟರ್ ಸಾಗಿ 23 ಕಡೆ ಮಣ್ಣನ್ನು ಅಳೆಯಿತು.

ನಮ್ಮ ಬಳಿ ಇದ್ದದ್ದು ಕಬ್ಬಿಣದ ಮೊಳೆ, ಭೂತಗನ್ನಡಿ, ವಿನೆಗರ್ ಮತ್ತು ನೀರು. ಮಕ್ಕಳ ಪುಸ್ತಕದಲ್ಲಿ ಮೂರು ಅಂಕಣ ಹಾಕಿಸಿದೆ: ನಮ್ಮ ಹೆಸರು, ಪುರಾವೆ, ಪುಸ್ತಕದ ಹೆಸರು. ನಡುವಿನ ಅಂಕಣ ತುಂಬದೆ ಮೂರನೆಯದನ್ನು ಬರೆಯುವಂತಿಲ್ಲ. ‘ಬಂಗುಡೆ’ಯ ಪಟ್ಟೆಗಳು ಬಣ್ಣ ಬಳಿದಂತೆ ಮೇಲೆ ಮಾತ್ರ ಇರದೆ ಒಳಗೂ ಹಾದುಹೋಗಿದ್ದವು, ಹೊಳೆಯುವ ಹರಳುಗಳಿದ್ದವು, ಮೊಳೆಯಿಂದ ಗೀರಾಗಲಿಲ್ಲ. ಶಾಖ ಮತ್ತು ಒತ್ತಡದಿಂದ ಖನಿಜಗಳು ಪಟ್ಟಿಪಟ್ಟಿಯಾಗಿ ಜೋಡಿಸಿಕೊಂಡ ನೈಸ್ ಎಂಬ ರೂಪಾಂತರ ಶಿಲೆ ಅದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಅದೇ ಜಾತಿಯದು, ಸುಮಾರು 300 ಕೋಟಿ ವರ್ಷ ಹಳೆಯದು ಎಂದಾಗ, ಬಂಗುಡೆಯನ್ನು ಹಿಡಿದಿದ್ದ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

‘ಲಾಡು’ ಎಲ್ಲರಿಗೂ ಅಚ್ಚರಿ ತಂದಿತು. ವಿನೆಗರ್ ಬಿಟ್ಟಾಗ ಗುಳ್ಳೆಗಳೆದ್ದವು. ಭೂತಗನ್ನಡಿಯಲ್ಲಿ ಮರಳು, ಜಲ್ಲಿಚೂರು, ನಡುವೆ ಬೂದು ಪುಡಿ ಕಂಡವು. ಮೇಸ್ತ್ರಿಯೊಬ್ಬರ ಮಗ ‘ಇದು ಕಾಂಕ್ರೀಟ್’ ಎಂದು ಘೋಷಿಸಿದ. ಅಲೆಗಳು ಅದನ್ನು ಉರುಟು ಮಾಡಿದ್ದವು. 2005ರಲ್ಲಿ ಆಪರ್ಚುನಿಟಿ ತನ್ನದೇ ಉಷ್ಣಕವಚ ಬಿದ್ದಿದ್ದ ಜಾಗದ ಹತ್ತಿರ ಕಂಡ ಕಲ್ಲಿಗೆ ‘ಉಷ್ಣಕವಚ ಬಂಡೆ’ ಎಂಬ ಹೆಸರು ಬಂದಿತ್ತು. ಪರೀಕ್ಷಿಸಿದಾಗ ಅದು ಮಂಗಳದ ಕಲ್ಲೇ ಆಗಿರದೆ ಆಕಾಶದಿಂದ ಬಿದ್ದ ಕಬ್ಬಿಣ-ನಿಕಲ್ ಉಲ್ಕಾಶಿಲೆ ಎಂದು ತಿಳಿಯಿತು. ಬೇರೊಂದು ಗ್ರಹದ ಮೇಲೆ ಸಿಕ್ಕ ಮೊದಲ ಉಲ್ಕಾಶಿಲೆ ಅದು. ಹೆಸರು ಹಾಗೆಯೇ ಉಳಿಯಿತು, ತಿಳಿವಳಿಕೆ ಬದಲಾಯಿತು. ನಮ್ಮ ಲಾಡೂ ಲಾಡಾಗಿಯೇ ಉಳಿಯಿತು. ಮೂರನೆಯ ಅಂಕಣದಲ್ಲಿ ಮಾತ್ರ ‘ಶಿಲೆಯಲ್ಲ’ ಎಂದು ಬರೆದೆವು.

ಮೂರನೆಯ ಅವಧಿಯಲ್ಲಿ ಉಳಿದದ್ದು ‘ಜೇನುಗೂಡು’. ಚಿರೇಕಲ್ಲು ಯಾವ ಗುಂಪಿಗೆ ಸೇರುತ್ತದೆ? ಪ್ರತಿಯೊಬ್ಬರ ಮನೆಯ ಗೋಡೆಯಲ್ಲೋ ಪಾಗಾರದಲ್ಲೋ ಇರುವ ಕಲ್ಲು ಪುಸ್ತಕದ ಮೂರು ವಿಧಗಳಲ್ಲಿ ಸರಾಗವಾಗಿ ಕೂರುವುದಿಲ್ಲ. ಬಿಸಿಲು ಮತ್ತು ಧಾರಾಕಾರ ಮಳೆ ಇರುವ ನಾಡಿನಲ್ಲಿ ಮೂಲ ಶಿಲೆ ಶಿಥಿಲಗೊಂಡು, ಸಿಲಿಕಾ ಮೊದಲಾದವು ನೀರಿನೊಂದಿಗೆ ಹೊರಟುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಗಟ್ಟಿಯಾದಾಗ ಅದು ಆಗುತ್ತದೆ. ಮಂಗಳದ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. ಆದರೆ ಬಣ್ಣ ಒಂದೇ ಎಂದು ಚರಿತ್ರೆಯೂ ಒಂದೇ ಆಗುವುದಿಲ್ಲ. ನಮ್ಮ ಚಿರೇಕಲ್ಲಿನ ಹಿಂದೆ ಲೆಕ್ಕವಿಲ್ಲದಷ್ಟು ಮಳೆಗಾಲಗಳಿವೆ.

ಇದರ ಇಂಗ್ಲಿಷ್ ಹೆಸರು ಲ್ಯಾಟರೈಟ್. ಅದನ್ನು ಬಳಕೆಗೆ ತಂದವರು ಫ್ರಾನ್ಸಿಸ್ ಬುಕಾನನ್. 1800-1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಅವರು ಭಟ್ಕಳದ ಮೂಲಕವೂ ಹಾದುಹೋದರು. ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ಇಟ್ಟಿಗೆಯಾಕಾರದಲ್ಲಿ ಕಡಿದು ಮನೆ ಕಟ್ಟುವುದನ್ನು ವಿವರಿಸುತ್ತ, ಇಲ್ಲಿನ ಹಲವು ಭಾಷೆಗಳಲ್ಲಿ ಇದಕ್ಕೆ ‘ಇಟ್ಟಿಗೆ ಕಲ್ಲು’ ಎನ್ನುತ್ತಾರೆಂದು 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ದಾಖಲಿಸಿದರು. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಜಗತ್ತಿನ ಭೂವಿಜ್ಞಾನ ಪುಸ್ತಕಗಳಲ್ಲೆಲ್ಲ ಇರುವ ಆ ಪದದ ಒಳಗೆ ನಮ್ಮ ಕಡೆಯ ಕಲ್ಲುಕುಟಿಗರ ಮಾತು ಇದೆ. ಪುಸ್ತಕದ ಹೆಸರೂ ಒಂದು ಕಾಲದಲ್ಲಿ ಯಾರೋ ನೋಡಿ ಇಟ್ಟ ‘ನಮ್ಮ ಹೆಸರೇ’ ಆಗಿತ್ತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಇದೇ ಹೊತ್ತಿನಲ್ಲಿ, ಎರಡು ಅವಧಿಗಳಲ್ಲಿ ಬಾಯಿ ತೆರೆಯದ ಒಬ್ಬ ಹುಡುಗಿಯ ಪುಸ್ತಕ ನನ್ನ ಕೈಗೆ ಬಂತು. ಮೊದಲ ಅಂಕಣದಲ್ಲಿ ಅವಳು ‘ತಾಂಬ್ಡೊ ಫಾತೊರ್’ ಎಂದು ಬರೆದಿದ್ದಳು. ಕೊಂಕಣಿಯಲ್ಲಿ ಕೆಂಪು ಕಲ್ಲು. ಪಕ್ಕದವರು ನಕ್ಕಾಗ ಅಳಿಸಲು ರಬ್ಬರ್ ತೆಗೆದಳು. ಈ ತರಗತಿಯ ಮಕ್ಕಳ ಮನೆಗಳಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಇವೆ. ದೋಣಿಯ ಹತ್ತಿರ ಧಾರಾಳವಾಗಿ ಓಡಾಡುವ ಮಾತು ಶಾಲೆಯ ಬಾಗಿಲಲ್ಲಿ ನಿಂತುಬಿಡುತ್ತದೆ.

ನಾನು ನಗುವುದು ತಪ್ಪೆಂದು ಉಪದೇಶಿಸದೆ ಪರ್ಸಿವರೆನ್ಸ್ ರೋವರಿನ ಕಥೆ ಹೇಳಿದೆ. 2021ರ ಫೆಬ್ರುವರಿಯಲ್ಲಿ ಇಳಿದ ಮೇಲೆ ಅದು ಅಧ್ಯಯನ ಮಾಡಿದ ಮೊದಲ ಕಲ್ಲಿನ ಹೆಸರು ‘ಮಾಝ್’. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಭಾಷೆಯಲ್ಲಿ ಅದರ ಅರ್ಥ ಮಂಗಳ ಗ್ರಹ. ನವಾಹೊ ಸಮುದಾಯದ ಮುಖಂಡರು ಒಪ್ಪಿ ಕೊಟ್ಟ ಪದಗಳ ಪಟ್ಟಿಯಿಂದ ಇಂಥ ಹೆಸರುಗಳನ್ನು ಆರಿಸಲಾಯಿತು. ಅಲೆಗಳಂತೆ ಸಾಲುಗಟ್ಟಿದ ಹರಳುಕಲ್ಲು ಎಂಬರ್ಥದ ಪದವೂ ಅದರಲ್ಲಿತ್ತು. ಆ ಭಾಷೆಯ ಸ್ವರಚಿಹ್ನೆಗಳನ್ನು ರೋವರಿನ ಗಣಕ ಓದಲಾರದ್ದರಿಂದ ಪದಗಳನ್ನು ಸರಳ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ‘ಆ ಭಾಷೆ ಅಲ್ಲಿಯ ಶಾಲೆಯಲ್ಲಿ ಇದೆಯಾ?’ ಎಂದು ಅವಳೇ ಕೇಳಿದಳು. ಅದು ಅವಳ ಮೊದಲ ಪ್ರಶ್ನೆ. ನವಾಹೊ ಮಕ್ಕಳನ್ನು ದಶಕಗಳ ಕಾಲ ವಸತಿಶಾಲೆಗಳಲ್ಲಿ ಆ ಭಾಷೆ ಮಾತಾಡಿದ್ದಕ್ಕೆ ಶಿಕ್ಷಿಸುತ್ತಿದ್ದರು, ಈಗ ಅದನ್ನು ಕಲಿಸುವ ಶಾಲೆಗಳಿವೆ ಎಂದೆ. ರಬ್ಬರ್ ಕಂಪಾಸ್ ಪೆಟ್ಟಿಗೆಯೊಳಗೆ ಹೋಯಿತು. ಅವಳ ಸಾಲಿನ ಎರಡನೆಯ ಅಂಕಣದಲ್ಲಿ ‘ತೂತು ಇದೆ, ಮೊಳೆಯಿಂದ ಗೀರಾಗುತ್ತದೆ, ಕೆಂಪು ಪುಡಿ ಬರುತ್ತದೆ’ ಎಂದಿತ್ತು. ಮೂರನೆಯದರಲ್ಲಿ ಲ್ಯಾಟರೈಟ್.

ಸಹಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳಬಹುದಾದದ್ದು ಇಷ್ಟೆ. ಮಗು ಇಡುವ ಹೆಸರು ವಸ್ತುವನ್ನು ಹಿಡಿದು ತೋರಿಸಲು. ಶಾಸ್ತ್ರದ ಹೆಸರು ಅದನ್ನು ಇತರ ವಸ್ತುಗಳೊಂದಿಗೆ ಜೋಡಿಸಲು. ಎರಡೂ ಬೇಕು. ಮೊದಲನೆಯದರಲ್ಲೇ ನಿಂತರೆ ಪಾಠ ಆಟವಾಗಿ ಮುಗಿಯುತ್ತದೆ. ಎರಡನೆಯದರಿಂದಲೇ ಆರಂಭಿಸಿದರೆ ಬಾಯಿಪಾಠವಾಗುತ್ತದೆ. ನಡುವಿನ ಪುರಾವೆಯ ಅಂಕಣದಲ್ಲಿ ವಿಜ್ಞಾನ ನಡೆಯುತ್ತದೆ, ಸಮಯವನ್ನು ಹೆಚ್ಚು ಬೇಡುವುದೂ ಅದೇ. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಪೂರ್ವಜ್ಞಾನ’ ಎಂಬ ಜಾಗವಿದೆ. ಅಲ್ಲಿ ‘ವಿದ್ಯಾರ್ಥಿಗಳಿಗೆ ಶಿಲೆಗಳ ವಿಧಗಳು ತಿಳಿದಿವೆ’ ಎಂದು ಬರೆಯುವ ಬದಲು, ಮಕ್ಕಳು ಆ ವಸ್ತುವನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿ, ಆ ಪದಗಳನ್ನೇ ಈಗ ನಾನು ಬರೆಯುತ್ತಿದ್ದೇನೆ. ಎರಡು ಸಾಲಿನ ಜಾಗ ಸಾಲುವುದಿಲ್ಲ. ಹಾಳೆಯ ಹಿಂಬದಿಗೂ ಹೋಗಬೇಕಾಗುತ್ತದೆ.